ಪಾಸಾದ ರಾಶಿ

ಒಂಬತ್ತರೊಳಗೆ ಫೋನಿನಲ್ಲಿ
ಕಾಫಿ ರೇಟು ಮೂರು ಸಲ ಬದಲಾಯಿತು.
ಕೂಡ್ಲೂರಿನ ಕ್ಯೂರಿಂಗ್ ಶೆಡ್ಡಿನಲ್ಲಿ ಹೊಸ ಯಂತ್ರ,
ರೆಪ್ಪೆ ಬಡಿಯದೆ ಕರಿಕಾಳು ಉಗಿಯುತ್ತಿದೆ.

ಬೆಂಚಿನ ಮೇಲೆ ಇಪ್ಪತ್ತಮೂರು ಹೆಂಗಸರು,
ಕೈ ಮಡಿಲಲ್ಲಿ.
ಮ್ಯಾನೇಜರ್ ಬೊಳ್ಳಮ್ಮ, ಅಂದರೆ ನಾನು,
ಮೈಸೂರಿನ ತರಬೇತಿಯಲ್ಲಿ ಕಲಿತ ಮಾತನ್ನು
ನಾಲಿಗೆವರೆಗೆ ತಂದು ನುಂಗಿದೆ.

ಗೊತ್ತಿಲ್ಲ, ಅಂದೆ. ನೀವೇ ಹೇಳಿ.

ಬೀಪಾತುಮ್ಮ ಎದ್ದಳು.
ಯಂತ್ರ ಪಾಸು ಮಾಡಿದ ರಾಶಿಗೆ ಮೂಗಿಟ್ಟು, ಕೆದಕಿ,
ಒಂದು ಕಾಳು ಕಡಿದು ಉಗುಳಿ
ಉಳಿದರ್ಧ ನನ್ನ ಅಂಗೈಗಿಟ್ಟಳು.
ಬಣ್ಣ ಚೊಕ್ಕ. ಒಳಗೆ ಕೊಳೆತ ನಾತ.

ಧಣಿಗೆ ಕಳಿಸಬೇಕಾದ ಪಟ್ಟಿಯಲ್ಲಿ
ಇಪ್ಪತ್ತಮೂರು ಹೆಸರಿನ ಮುಂದೆ
ನಾನೇ ನಿನ್ನೆ ರಾತ್ರಿ ಬರೆದದ್ದು: ಬೇಡ.

ಹೊಡೆದುಹಾಕಿದೆ.
ಬದಲಿಗೆ ಏನು ಬರೆಯಲಿ, ಇನ್ನೂ ತಿಳಿದಿಲ್ಲ.
ಸೋಪು ಹಾಕಿ ತೊಳೆದರೂ
ಅಂಗೈ ನಾರುತ್ತಿದೆ.