ನಲವತ್ತೊಂದು ನಿಮಿಷ

ಕಲ್ಲು ಬೇಯಿಸುವ ಊರು ಇದು.
ಫ್ಯೋರ್ಡಿನ ಕಪ್ಪು ನೀರಿಗೆ ಕಾಲು ಇಳಿಬಿಟ್ಟು
ನೂರು ವರುಷದಿಂದ ಕೂತಿದೆ ಸಿಮೆಂಟ್ ಕಾರ್ಖಾನೆ.
ಗುನ್ವೋರಳ ಅಪ್ಪ ಐಲರ್ಟ್ ಇದೇ ಸುಡುಗೂಡಿನ ಬಾಯಲ್ಲಿ
ಮೂವತ್ತು ಚಳಿಗಾಲ ನಿಂತವನು.
ಆಗ ಅಮ್ಮ ಬೆಳಿಗ್ಗೆ ಹರವಿದ ಬಿಳಿ ಅಂಗಿ
ಸಂಜೆಗೆ ಬೂದಿಬಣ್ಣ.
ಕಿಟಕಿಯ ಗಾಜಿನ ಮೇಲೆ ಹುಡುಗಿ ಬೆರಳಲ್ಲಿ ಬರೆದ ಹೆಸರನ್ನು
ಮರುದಿನದ ಧೂಳು ಮುಚ್ಚುತ್ತಿತ್ತು.
ಆಮೇಲೆ ಸೋಸುವ ಚೀಲಗಳು ಬಂದವು,
ಅಂಗಿ ಬೆಳ್ಳಗಾಯಿತು.
ಸದ್ಯ, ಮುಗಿಯಿತು ಎಂದುಕೊಂಡಿತು ಊರು.

ಕಣ್ಣಿಗೆ ಬಿದ್ದದ್ದನ್ನು ಒರೆಸುವುದು ಸುಲಭ.

ಸುಣ್ಣದ ಕಲ್ಲಿನ ಜಾಯಮಾನ ಬೇರೆ.
ಕಲ್ಲಿದ್ದಲು ಬಿಟ್ಟು ಮರದ ಚಕ್ಕೆ ಉರಿಸಿ,
ಬೆಂಕಿಯನ್ನೇ ತೊಳೆದು ಮಡಿ ಮಾಡಿ,
ಆದರೂ ಬೆಂದಾಗ ಅದು ಉಸಿರು ಬಿಡುತ್ತದೆ.
ಯಾವುದೋ ಕಡಲಿನ ಹುಳುಗಳು ಚಿಪ್ಪಿನಲ್ಲಿ ಕಟ್ಟಿಕೊಂಡು
ಕೋಟಿಗಟ್ಟಲೆ ವರುಷ ಬಿಗಿಹಿಡಿದ ಉಸಿರು
ಗಳಿಗೆಯಲ್ಲಿ ಸಡಿಲ.
ನಮ್ಮ ಸೇತುವೆ, ಆಸ್ಪತ್ರೆ, ಹೆರಿಗೆಯ ಕೋಣೆ
ಎಲ್ಲವೂ ಆ ಉಸಿರು ಹೋದಮೇಲೆ ಉಳಿದ ಮೂಳೆ.

ಕಂಟ್ರೋಲ್ ರೂಮಿನ ಮೇಜಿನಲ್ಲಿ ಅವಳ ಹತ್ತಿರ ಒಂದು ಪಳೆಯುಳಿಕೆ ಇದೆ,
ಗಣಿಯಲ್ಲಿ ಸಿಕ್ಕಿದ್ದು,
ಗಜ್ಜರಿಯಂತೆ ಚೂಪು, ಒಳಗೆ ಕೋಣೆ ಕೋಣೆ.
ಕಾಗದ ಹಾರದಿರಲಿ ಅಂತ, ಅನ್ನುತ್ತಾಳೆ.

ಈಗ ಚಿಮಣಿಯ ಪಕ್ಕ ಹೊಸ ಗೋಪುರ.
ಹೊಗೆಗೆ ಅಮೀನಿನ ಮಳೆಯಲ್ಲಿ ಸ್ನಾನ ಮಾಡಿಸಿ,
ಇಂಗಾಲವನ್ನು ಹಿಡಿದು,
ಗೂಡಿನದೇ ಮಿಕ್ಕ ಬಿಸಿಯಲ್ಲಿ ಬಿಡಿಸಿ,
ಹಿಂಡಿ, ತಣಿಸಿ, ಹಡಗಿಗೆ ತುಂಬಿ
ಕಡಲತಳಕ್ಕೂ ಕೆಳಗಿನ ಮರಳುಗಲ್ಲಿಗೆ ಒಪ್ಪಿಸುವುದು.
"ಕಡಲಿಂದ ಬಂದದ್ದು ಕಡಲಿಗೆ" ಎಂದ ಪಾದ್ರಿ
ಉದ್ಘಾಟನೆಯ ದಿನ, ಬಲು ಚೆನ್ನಾಗಿ.
ಹಿಂದೆ ನಿಂತ ಫಿಟ್ಟರ್ ಓದ್‌ಮುಂಡ್ ಗೊಣಗಿದ:
"ಕಸ ಗುಡಿಸಿ ಚಾಪೆಯ ಕೆಳಗೆ.
ಅದೂ ಅರ್ಧ ಕಸ."
ಅರ್ಧ ಎಂಬುದು ಸುಳ್ಳಲ್ಲ.
ಗುನ್ವೋರ್ ತಿರುಗಿ ನೋಡಿದಳು, ಏನೂ ಹೇಳಲಿಲ್ಲ.

ಜನವರಿ. ರಾತ್ರಿ ಎರಡು ಗಂಟೆ ಹದಿನೇಳು.
ಕಂಪ್ರೆಸರ್ ಕೆಮ್ಮಿತು, ನಿಂತಿತು.
ಗೂಡನ್ನು ಹಾಗೆಲ್ಲ ನಿಲ್ಲಿಸುವಂತಿಲ್ಲ,
ಸಾವಿರದ ನಾನೂರೈವತ್ತು ಡಿಗ್ರಿಯ ಹೊಟ್ಟೆ ಅದು,
ತಣಿದರೆ ಒಳಗಿನ ಇಟ್ಟಿಗೆ ಬಿರಿಯುತ್ತದೆ.
ಕವಾಟ ತಾನೇ ಹೊರಳಿಕೊಂಡಿತು,
ಹೊಗೆ ಹಳೆಯ ದಾರಿ ಹಿಡಿಯಿತು,
ಅಪ್ಪನ ಕಾಲದ ಚಿಮಣಿ, ನೆಟ್ಟಗೆ ಆಕಾಶ.

ಏನೂ ಕಾಣಲಿಲ್ಲ. ಅದೇ ನೋಡಿ.
ವಾಸನೆಯಿಲ್ಲ, ಬಣ್ಣವಿಲ್ಲ.
ನಾಯಿ ಬೊಗಳಲಿಲ್ಲ.
ಆಚೆ ದಡದಲ್ಲಿ ಯಾರದೋ ಅಡುಗೆಮನೆಯ ದೀಪ
ಹತ್ತಿ, ಆರಿತು.
ಊರಿನ ಒಂದು ಅಂಗಿಯೂ ಮಾಸಲಿಲ್ಲ.

ಮೊಣಕಾಲುದ್ದ ಹಿಮದಲ್ಲಿ ಸ್ಪ್ಯಾನರ್ ಹಿಡಿದು ಓಡಿದವನು ಓದ್‌ಮುಂಡ್.
ಚಾಪೆಯ ಮಾತಾಡಿದವನು ಅವನೇ.
ಮೊಣಕೈವರೆಗೂ ಎಣ್ಣೆ,
ಹಟಮಾರಿ ಕುದುರೆಯನ್ನು ಗದರುವಂತೆ
ಯಂತ್ರವನ್ನು ಬೈದ, ತಟ್ಟಿದ, ಬೇಡಿದ,
"ಏಳು ಮಾರಾಯ್ತಿ, ಏಳು."
ಎರಡು ಐವತ್ತೆಂಟಕ್ಕೆ ಅದು ಎದ್ದಿತು.

"ಬರೆಯಲೇಬೇಕಾ?" ಎಂದ ಕಲಿಯಲು ಬಂದ ಹುಡುಗ ಸೀವರ್ಟ್.
"ದಿನದ ಸರಾಸರಿಯಲ್ಲಿ ಮುಳುಗಿಹೋಗುತ್ತದೆ.
ಯಾರಿಗೂ ಗೊತ್ತಾಗಿಲ್ಲ."
ಅವಳು ಕನ್ನಡಕ ತೆಗೆದಳು,
ಅಂಗಿಯ ಅಂಚಿನಿಂದ ಒರೆಸಿದಳು,
ತುಂಬ ಹೊತ್ತು ಒರೆಸಿದಳು.
ಆಮೇಲೆ ಬರೆದಳು:
ನಲವತ್ತೊಂದು ನಿಮಿಷ. ಎಲ್ಲವೂ ಹೊರಗೆ.
ಕಾರಣ, ಎಣ್ಣೆಯ ಫಿಲ್ಟರ್.
ಕೆಳಗೆ ಹೆಸರು, ಪೂರ್ತಿ ಹೆಸರು.
ಹಾಳೆಯ ಮೇಲೆ ಕಲ್ಲಾದ ಹುಳುವನ್ನು ಇಟ್ಟಳು.

ಒಂಬತ್ತಕ್ಕೆ ಬೆಳಕು ಹರಿಯಿತು.
ಧಕ್ಕೆಯಲ್ಲಿ ಹಡಗು, ಕೊಳವೆಯ ಮೇಲೆ ಮಂಜಿನ ಪೊರೆ.
ಬೆಂಚಿನ ಮೇಲೆ ಓದ್‌ಮುಂಡ್ ಬೂಟು ಸಮೇತ ನಿದ್ದೆ ಹೋಗಿದ್ದ.
ಕ್ಯಾಪ್ಟನ್ ಕೇಳಿದ, ಈ ಸಲ ಭರ್ತಿಯೇ?
ಸ್ವಲ್ಪ ಕಡಿಮೆ, ಅಂದಳು.
ಎಷ್ಟು ಕಡಿಮೆ?
ಹೇಳಿದಳು, ದಶಾಂಶದ ಸಮೇತ.