ಹೆಗಲಳತೆ

ರಾಣಿಪೇಟೆಯ ಇಳಿಜಾರಿನಲ್ಲಿ ನಮ್ಮ ಮನೆ,
ರಸ್ತೆಯಿಂದ ಒಂದಂತಸ್ತು, ಹಿಂದಿನಿಂದ ಎರಡು.
ಕೆಳಗಿನದು ಕಿತ್ತಳೆ ಬುಟ್ಟಿ ಇಡುತ್ತಿದ್ದ ಕತ್ತಲು.
ಅಲ್ಲಿ ಹೊಲಿಗೆ ಮಿಷನ್ನು ಇಡುತ್ತೇನೆಂದು ಅರ್ಜಿ ಕೊಟ್ಟೆ.

ಟೇಪು ಹಿಡಿದು ಬಂದಳು ನಗರಸಭೆಯ ಹುಡುಗಿ.
ಎತ್ತರಕ್ಕೆ ಆರಿಂಚು ಕಮ್ಮಿ.
ಮೇಲೆತ್ತಲು ತೊಲೆ ಬಿಡದು;
ಅಗೆಯಲು ಮೇಸ್ತ್ರಿ ಮೊಯ್ದು ಒಲ್ಲ:
‘ಅಡಿಪಾಯ ಎಲ್ಲಿ ಮುಗಿದಿದೆಯೋ
ಕಟ್ಟಿದವನಿಗೂ ಗೊತ್ತಿತ್ತೋ ಇಲ್ಲವೋ, ಅಕ್ಕ.’
ಕೊನೆಗೆ, ಒಂದೊಂದೇ ಮೊಳ ಅಗೆದು, ಕಲ್ಲು ಕೊಟ್ಟು,
ಆಮೇಲೆ ಮುಂದಿನ ಮೊಳ ಎಂದ.

‘ಬೆಂಕಿ ಬಿದ್ದರೆ ಹೊರದಾರಿ?’
ಕಿಟಕಿ ತೋರಿಸಿದೆ. ಬೆಕ್ಕು ಅದರಲ್ಲೇ ಓಡಾಡುತ್ತದೆ.
ಹುಡುಗಿ ನಗಲಿಲ್ಲ.
‘ನೀವು ತೂರಬೇಕು. ಹೆಗಲು ಅಳೆಯಿರಿ.’

ಮೂವತ್ತು ವರ್ಷ ಊರವರ ಮೈ ಅಳೆದವಳು
ಗೋಡೆಗೆಂದು ನನ್ನನ್ನೇ ಅಳೆದುಕೊಂಡೆ,
ಬಳಪದಲ್ಲಿ ಚೌಕ ಎಳೆದೆ,
ಒಂದಿಂಚು ಹೊಲಿಗೆಗೆ ಬಿಟ್ಟು.