ಮೇಣದ ಬಿಲ್ಲೆ

ಐದು ವರ್ಷದ ಹಿಂದೆ ಕತ್ತರಿಸಿ ತೆಗೆದ ಮಚ್ಚೆ
ಈಗ ಬೇಕಂತೆ.

ಬ್ರಿಸ್ಬೇನಿನ ಹುಡುಗಿ ಫೋನಿನಲ್ಲಿ ಮೆತ್ತಗೆ ಹೇಳಿದಳು:
ಹೊಸ ಔಷಧದ ಪ್ರಯೋಗ, ಉಳಿದಿರುವುದು ಎರಡೇ ಜಾಗ,
ಹಳೆಯ ಚೂರು ಕೈಸೇರಿದರಷ್ಟೇ
ಹೆಸರು ಬರೆದುಕೊಳ್ಳುವುದು.

ರಾಕ್‌ಹ್ಯಾಂಪ್ಟನ್ನಿನ ಲ್ಯಾಬಿಗೆ ಫೋನು ಹಚ್ಚಿದೆ.
ಒಂಬತ್ತು ಒತ್ತಿ, ನಾಲ್ಕು ಒತ್ತಿ, ದಯವಿಟ್ಟು ಕಾಯಿರಿ.
ಕಾಯುತ್ತ ಕಿಟಕಿಯಲ್ಲಿ ನೋಡಿದೆ:
ಮೆರ್ವಿನ್ ಏಣಿ ತೊಳೆಯುತ್ತಿದ್ದಾನೆ, ಮಾರುವುದಕ್ಕೆ.
ಬಿಸಿಲು ತಡೆಯುವ ಬಿಳಿ ಬಣ್ಣವನ್ನು
ಮೂವತ್ತು ವರ್ಷ ಊರ ತಗಡಿಗೆಲ್ಲ ಬಳಿದವನು;
ಅವನ ಟೋಪಿ ಮಾತ್ರ ಟ್ರಕ್ಕಿನ ಸೀಟಿನ ಮೇಲೆ.

ಮೊದಲು ಕಂಡದ್ದು ನನಗಲ್ಲ, ಕ್ಷೌರದ ಕ್ಲೈವ್‌ಗೆ.
ಕಿವಿಯ ಹಿಂದೆ ಏನೋ ಕರ್ರಗೆ, ಅಂದನಂತೆ.
ಬಣ್ಣ ಸಿಡಿದಿರಬೇಕು, ಅಂತ ಇವನು ನಕ್ಕನಂತೆ.

ಸಿಕ್ಕಿತು, ಅಂದರು ಕೊನೆಗೆ.
ಮೇಣದಲ್ಲಿ ಹುದುಗಿಸಿ, ನಂಬರು ಅಂಟಿಸಿ
ಕಪಾಟಿನಲ್ಲಿ ಇಟ್ಟಿದ್ದಾರೆ,
ಕಿರುಬೆರಳ ಉಗುರಿನಷ್ಟು.
ಒಂದು ಎಳೆಯೂ ಬಿಡದೆ ತೆಗೆದುಬಿಡಿ
ಎಂದು ಆವತ್ತು ಹಟ ಹಿಡಿದವಳು ನಾನೇ.
ಈಗ ಅದನ್ನೇ ಜೋಪಾನ, ಜೋಪಾನ ಎಂದು
ಗೋಗರೆಯುತ್ತಿದ್ದೇನೆ.

ಕೊರಿಯರ್ ಹೊರಡುವುದು ಮಂಗಳವಾರ.
ಬುಧವಾರಕ್ಕೆ ಜಾಗ ತುಂಬಿಹೋಗಬಹುದು.
ತುಂಬದಿದ್ದರೂ ಹೊಸದು ಯಾರಿಗೆ, ಹಳೆಯದು ಯಾರಿಗೆ,
ಆರಿಸುವುದು ಕಂಪ್ಯೂಟರ್,
ಅದಕ್ಕೆ ನಮ್ಮ ಪರಿಚಯವಿಲ್ಲ.

ಮೆರ್ವಿನ್ ಒಳಗೆ ಬಂದ, ಕೈಯೆಲ್ಲ ಒದ್ದೆ.
ಏನಂದರು ಅಂತ ಕೇಳಲಿಲ್ಲ.
ಏಣಿಯವನು ಬಂದರೆ, ಅಂದ,
ಚಿಕ್ಕದು ಕೊಟ್ಟು ಕಳಿಸು, ನೋಯೆಲೀನ್.
ದೊಡ್ಡದು ಹಾಗೇ ಇರಲಿ.